ಮುಂದೆ ಕೂತವನು

ಇನ್ನೊಂದು ಕೊಂಬೆ. ಶಿವಶಂಕರ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಬಸ್ಸು ಅದರ ಅಡಿಗೆ ನುಗ್ಗಿತು. ಕೊಂಬೆ ಎರಡಾಳು ಎತ್ತರದಲ್ಲಿ ತನ್ನ ಪಾಡಿಗೆ ತಾನು ಹಿಂದೆ ಸರಿಯಿತು. ಹೆದರುವಂಥದ್ದೇನೂ ಇರಲಿಲ್ಲ. ಹಾಗೆ ಅಂದುಕೊಂಡದ್ದು ಇದು ಹನ್ನೊಂದನೆಯ ಸಲ.

ಮೈಸೂರು ತೋರಿಸುವ ಬಸ್ಸು. ಮಹಡಿಗೆ ಸೂರಿಲ್ಲ. ಕೆಳಗೆ ಗಾಜಿನೊಳಗೆ ಕೂರಬಹುದಿತ್ತು; ಹೆಂಡತಿ ರೂಪ ಬಿಡಬೇಕಲ್ಲ. "ಆಸ್ಪತ್ರೆಗೆ ಅಂತ ನಾಕ್ ಸಲ ಬಂದ್ವಿ, ಒಂದಿನನಾರೂ ಊರು ನೋಡುದ್ವಾ?" ಎಂದು ಅಪ್ಪನ ಕೈಹಿಡಿದು ಮೆಟ್ಟಿಲು ಹತ್ತಿಸಿಯೇಬಿಟ್ಟಳು.

ಅವಳಪ್ಪ ಶಾಗ್ಯದ ಚಿಕ್ಕಮಾದಯ್ಯ. ಎಡಗಣ್ಣು ಹೋಗಿ ಎಂಟು ವರ್ಷ. ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಬೆಳಿಗ್ಗೆ ಡಾಕ್ಟರು ನೋಡಿ, "ಚೆನ್ನಾಗಿದೆ. ಏಟು ಮಾತ್ರ ಬೀಳಬಾರದು. ಇರೋದೊಂದೇ ಕಣ್ಣು" ಎಂದಿದ್ದರು. ಹೇಳಿದ್ದು ಶಿವಶಂಕರನ ಮುಖ ನೋಡಿಕೊಂಡು. ಮೂವರಲ್ಲಿ ಓದಿದವನು ಅವನೇ ಎಂದು ಕಂಡಿರಬೇಕು.

ಮಹಡಿ ಹತ್ತಿದ ಕೂಡಲೇ ಮಾವ ಜಾಗ ಗೊತ್ತುಮಾಡಿದರು. "ನೀವು ಮುಂದ್ಗಡೆ ಕುಂತ್ಕಳಿ ಅಳಿಯಂದ್ರೆ."

"ಪರವಾಗಿಲ್ಲ ಮಾವ, ನೀವೇ..."

"ನಂಗೇನ್ ಕಂಡಾತು? ನೀವೇಯ ಕುಂತ್ಕಳಿ."

ಅದರ ಅರ್ಥ ಅವನಿಗೆ ಗೊತ್ತಿತ್ತು. ಧನಗೆರೆಯ ಕಡೆಯಿಂದ ಶಾಗ್ಯಕ್ಕೆ ಲಾರಿಯಲ್ಲಿ ಭತ್ತದ ಹುಲ್ಲು ತರುವಾಗ ಲೋಡಿನ ಮೇಲೆ ಐದಾರು ಜನ ಕೂರುತ್ತಾರೆ. ಗಾಳಿಗೆ, ಧೂಳಿಗೆ ಎಲ್ಲರೂ ಬೆನ್ನು ಕೊಟ್ಟು. ಮುಂದಕ್ಕೆ ಮುಖ ಮಾಡಿದವನು ಒಬ್ಬನೇ. ಹುಣಸೆ ಕೊಂಬೆ ಬಂದರೆ, ಜೋತುಬಿದ್ದ ತಂತಿ ಬಂದರೆ ಅವನು "ಬಗ್ಗೀ!" ಎಂದು ಕೂಗಬೇಕು. ಮೊದಲು ಕೂಗು, ಆಮೇಲೆ ತಾನು ಬಗ್ಗುವುದು. ಮಾವ ಮೂವತ್ತು ವರ್ಷ ಹಾಗೆ ಕೂಗಿದವರು. ಎಡಗಣ್ಣು ಹೋದದ್ದೂ ಹಾಗೆಯೇ, ಕೂಗುವುದರಲ್ಲಿ ತಾವು ಬಗ್ಗುವುದು ತಡವಾಗಿ.

ಈಗ ಅವರು ಅವನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ಬಸ್ಸು ಹೋಗುವ ಕಡೆಗೆ ಬೆನ್ನು ಹಾಕಿ, ಮಗಳ ಪಕ್ಕ ಕೂತಿದ್ದರು. ಕಪ್ಪು ಕನ್ನಡಕ ತೆಗೆದು ಜೇಬಿಗಿಟ್ಟಿದ್ದರು. ಅದರಲ್ಲಿ ಬಣ್ಣವೇ ಕಾಣುವುದಿಲ್ಲವಂತೆ.

"ಕನ್ನಡಕ ಹಾಕ್ಕೊಳ್ಳಿ ಮಾವ."

"ನೀವ್ ಇದ್ದೀರಲ್ಲ ಮುಂದ್ಗಡೆ."

ಶಿವಶಂಕರ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ತರ್ಕಶಾಸ್ತ್ರ ಹೇಳುತ್ತಿದ್ದ. ತರಗತಿಯಲ್ಲಿ ಒಂದು ಸಲವೂ ದನಿ ಎತ್ತಿದವನಲ್ಲ. ಅದು ಸಂಯಮ ಎಂದು ಸಹೋದ್ಯೋಗಿಗಳು ನಂಬಿದ್ದರು; ಅವರಿಗಿಂತ ಮೊದಲೇ ಅವನು ನಂಬಿದ್ದ. ಹಿಂದಿನ ಸಾಲುಗಳಲ್ಲಿ ಪುಣೆಯವರೋ ದಿಲ್ಲಿಯವರೋ ಇಪ್ಪತ್ತು ಜನ. ಇಂಥವರ ನಡುವೆ ಹುಲ್ಲಿನ ಲಾರಿಯವನ ಹಾಗೆ ಬಾಯಿ ಬಿಡುವುದೇ? ಗಂಟಲಲ್ಲೇ ಒಮ್ಮೆ ಅಂದುನೋಡಿದ. ಬರೀ ಉಸಿರು ಬಂತು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಮೃಗಾಲಯದ ಕಡೆ ತಿರುಗಿದಾಗ ಅದು ಬಂತು. ಎಳೆ ಕೊಂಬೆಯೊಂದು ಮುರಿದು, ಬರೀ ತೊಗಟೆಯಲ್ಲಿ ಜೋತುಕೊಂಡಿತ್ತು. ಅವನು ದೂರದಿಂದಲೇ ಕಂಡ. ಚೆನ್ನಾಗಿ ಕಂಡ. ತುದಿಯ ಎಲೆಗಳನ್ನು ಎಣಿಸುವಷ್ಟು ಹೊತ್ತಿತ್ತು. ಬಾಯಿ ತೆರೆದ. ಮರುಕ್ಷಣ ನೋಡಿಕೊಂಡರೆ ಅವನ ಹಣೆ ಅವನ ಮೊಣಕಾಲಿಗೆ ತಾಗಿತ್ತು.

ಹಿಂದೆ ಸರಕ್ಕೆಂದು ಸದ್ದಾಯಿತು. "ಅಪ್ಪೋ!" ಎಂದಳು ರೂಪ.

ಮಾವ ಬಲಗಣ್ಣನ್ನು ಅಂಗೈಯಲ್ಲಿ ಒತ್ತಿಕೊಂಡಿದ್ದರು. ತಲೆಗೆ ಬಡಿದ ಕೊಂಬೆಯ ತುದಿ ಸುತ್ತಿಬಂದು ಮುಖವನ್ನು ಸವರಿಕೊಂಡು ಹೋಗಿತ್ತು. ಹುಬ್ಬಿನ ಮೇಲೆ ಕೆಂಪು ಗೀರು.

"ಬಿಡಪ್ಪ ಕೈಯ, ನೋಡಾನ."

"ಏನೂ ಆಗ್ನಿಲ್ಲ ಕಣವ್ವ. ವಸಿ ಮಂಜಂಗೆ ಅದೆ. ಅಷ್ಟೇಯ."

ರೂಪ ಗಂಡನ ಕಡೆ ತಿರುಗಿದಳು. "ನೀವು ಕೂಗ್ನಿಲ್ವಾ?"

ಅವನಿಗಿಂತ ಮೊದಲು ಮಾವನೇ ಹೇಳಿದರು: "ಕೂಗ್ದೆ ಇದ್ದಾರಾ? ಕೂಗವ್ರೆ. ಈ ಗಾಳಿಲಿ ನಂಗೇ ಕೇಳ್ನಿಲ್ಲ. ಕಿವೀನೂ ಓಯ್ತಾ ಅದೆ."

"ಹೂಂ," ಅಂದ ಶಿವಶಂಕರ. "ಕೂಗಿದೆ."

ಎಷ್ಟು ಸಲೀಸಾಗಿ ಬಂತು ಮಾತು. ದನಿಯೂ ಸ್ಪಷ್ಟವಾಗಿತ್ತು. ರೂಪ ಕೂತಿದ್ದದ್ದು ಅವನ ಬೆನ್ನಿಂದ ಒಂದು ಮೊಳ ಹಿಂದೆ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಯಾವನನ್ನೋ ನೋಡುವ ಹಾಗೆ ಅವನನ್ನು ನೋಡಿದಳು.

"ಇಳಿದು ಆಸ್ಪತ್ರೆಗೆ..." ಅಂದ.

"ಬ್ಯಾಡಿ, ಕುಂತ್ಕಳಿ. ನೀವು ಮುಂದ್ಕೆ ನೋಡ್ಕಳಿ," ಎಂದು ಮಾವ ಮತ್ತೆ ಗಾಳಿಗೆ ಬೆನ್ನು ಕೊಟ್ಟರು.

ಆ ಬೆನ್ನು ತನ್ನ ಸೀಟಿಗೆ ಒರಗಿದ್ದು ಶಿವಶಂಕರನಿಗೆ ತಿಳಿಯುತ್ತಿತ್ತು. ತಿರುಗಿ, ಸುಳ್ಳು ಹೇಳಿದೆ ಎಂದುಬಿಡಬೇಕು ಅನಿಸಿತು. ಆ ಕಣ್ಣಿಗೆ ಈಗ ಏನು ಕಾಣುತ್ತಿದೆ ಎಂದು ಕೇಳಲೂ ಧೈರ್ಯವಿರಲಿಲ್ಲ. ಮರಗಳು ಮುಗಿದು ರಸ್ತೆ ಅಗಲವಾಯಿತು. ಮುಂದೆ ಏನೂ ಇರಲಿಲ್ಲ, ಒಂದು ತಂತಿ ಕೂಡ.

"ಬಗ್ಗೀ!"

ಕೂಗಿದ್ದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಹಿಂದಿನವರು ಬೆಚ್ಚಿ ತಲೆ ತಗ್ಗಿಸಿದರು, ಭಾಷೆ ಬಾರದವರೂ. ಆಮೇಲೆ ಒಬ್ಬೊಬ್ಬರಾಗಿ ಮೇಲೆ ನೋಡಿ, ನಕ್ಕು, ಫೋನು ಎತ್ತಿದರು. ಅರಮನೆ ಬಂದಿತ್ತು. ಗೈಡು ಮೈಕಿನಲ್ಲಿ ಗುಮ್ಮಟಗಳ ಬಗ್ಗೆ ಹೇಳತೊಡಗಿದ.

ಮಾವ ಮಾತ್ರ ಬಗ್ಗಿಯೇ ಇದ್ದರು. ಎರಡೂ ಕೈಯಲ್ಲಿ ಕಣ್ಣು ಮುಚ್ಚಿ, ತಲೆಯನ್ನು ಮೊಣಕಾಲ ನಡುವೆ ಹುದುಗಿಸಿ.

"ಓಯ್ತಾ ಅಳಿಯಂದ್ರೆ?"

ರೂಪ ಬಗ್ಗಿರಲಿಲ್ಲ. ಅವಳು ಬಯಲಾಗಿ ಬಿದ್ದ ಆಕಾಶವನ್ನು ನೋಡಿದಳು, ಆಮೇಲೆ ಗಂಡನನ್ನು. ಅಪ್ಪನಿಗೆ ಇವನೇ ಹೇಳಲಿ ಎಂದು ಕಾದಳು.

ಶಿವಶಂಕರ ಹೋಯ್ತು ಅನ್ನಲು ಬಾಯಿ ತೆರೆದ. ಏನು ಹೋಯ್ತು?

"ಓಯ್ತಾ?"

ಅರಮನೆಯ ಬಾಗಿಲುಗಳು ಒಂದೊಂದಾಗಿ ಹಿಂದೆ ಸರಿದವು. ಬಸ್ಸು ನಿಧಾನವಾಗಿ ಸರ್ಕಲ್ಲಿಗೆ ತಿರುಗಿತು, ಬಗ್ಗಿದ ಆ ಬೆನ್ನನ್ನು ಊರಿಗೆಲ್ಲ ಕಾಣುವಷ್ಟು ಎತ್ತರದಲ್ಲಿ ಹೊತ್ತುಕೊಂಡು.