ಕೆಳಮನೆಯ ಪಾಪಾಸುಕಳ್ಳಿ

ಮಹಡಿಯ ಮನೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಅವಳು ಯಾರದೋ ಪ್ಯಾಂಟಿನ ಹಳೆಯ ಜಿಪ್ಪನ್ನು ಬ್ಲೇಡಿನಿಂದ ಅರ್ಧ ಬಿಚ್ಚಿದ್ದಳು. ಅಷ್ಟರಲ್ಲಿ ಕೆಳಮನೆಯಿಂದ ವಾರಗಿತ್ತಿ ಕೂಗಿದಳು.

"ಅಕ್ಕಾ, ಒಂದ್ನಿಮಿಷ ಬರ್ತೀರಾ? ಕಳ್ಳಿಗೆ ಏನೋ ಆಗಿದೆ."

ಕೇಳಿದ ಕೂಡಲೇ ಅವಳಿಗೆ ಆದದ್ದು ಸಂತೋಷ. ನಾಚಿಕೆ ಬಂದದ್ದು ಅರ್ಧದಷ್ಟು ಮೆಟ್ಟಿಲು ಇಳಿದ ಮೇಲೆ.

ಆ ಪಾಪಾಸುಕಳ್ಳಿ ಅವಳ ಗಿಡದ್ದೇ ಕೂಸು. ಎಂಟು ವರ್ಷದ ಹಿಂದೆ ತವರಿನಿಂದ ಅಂಗೈಯಗಲದ ಒಂದು ಎಲೆ ತಂದು ಮರಳುಮಣ್ಣಿನಲ್ಲಿ ನೆಟ್ಟಿದ್ದಳು. ಮುಳ್ಳಿನ ನಡುವಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಚಳಿ ಶುರುವಾದರೆ ಅಡುಗೆಮನೆಯ ಕಿಟಕಿಗೆ ತಂದಿಟ್ಟು ಸಾಕಿದ್ದಳು. ಎಲೆಯ ಮೇಲೆ ಎಲೆ ಬಂತು, ಹೂವು ಬರಲಿಲ್ಲ. ಮೂರು ವರ್ಷದ ಹಿಂದೆ ವಾರಗಿತ್ತಿ ಕೇಳಿದಾಗ ಒಂದು ಎಲೆ ಕೊಟ್ಟಳು. ಆಕೆ ಅದನ್ನು ಒಡಕು ಬಕೆಟ್ಟಿಗೆ ಸಿಕ್ಕಿಸಿ, ಹಿತ್ತಲ ಗೋಡೆಯ ಮೇಲಿಟ್ಟು ಮರೆತೇಬಿಟ್ಟಿದ್ದಳು. ಈ ವರ್ಷ ಅದರಲ್ಲಿ ಒಂಬತ್ತು ಹಳದಿ ಹೂವು. ನೆರೆಯವರು ಫೋಟೊ ತೆಗೆದುಕೊಂಡರು. ಎಂಟು ವರ್ಷ ಇವಳ ಗಿಡದ ಕಡೆ ತಿರುಗಿಯೂ ನೋಡದ ಗಂಡ, ಕಾಫಿ ಲೋಟ ಹಿಡಿದು ಕೆಳಗೆ ಅದರ ಮುಂದೆ ನಿಂತಿದ್ದ. ಅದನ್ನು ಅವಳು ಮೇಲಿನ ಕಿಟಕಿಯಿಂದ ಕಂಡಿದ್ದಳು.

ಈಗ ಬುಡ ಕಂದಿ ಮೆತ್ತಗಾಗಿತ್ತು.

"ನೀರು ಎಷ್ಟು ಹಾಕ್ತಿದ್ದೀಯ?"

"ಎರಡು ಹೊತ್ತೂ. ಅಷ್ಟು ಹೂ ಬಿಟ್ಟಿದ್ದಕ್ಕೆ ಅಷ್ಟಾದ್ರೂ ಮಾಡಬೇಡ್ವಾ ಅಕ್ಕ?"

ಅವಳು ಪೇಪರನ್ನು ಪಟ್ಟಿಯಂತೆ ಮಡಚಿ ಎಲೆಗಳಿಗೆ ಸುತ್ತಿ ಹಿಡಿದು, ಕೊಳೆಯದ ನಾಲ್ಕನ್ನು ಚಾಕುವಿನಿಂದ ಕೊಯ್ದಳು. ಕೊಯ್ದಲ್ಲಿ ಲೋಳೆ ಒಸರಿತು.

"ಈಗ್ಲೇ ನೆಟ್ಟುಬಿಡ್ಲಾ? ಬಕೆಟ್ ತೊಳೆದಿಟ್ಟಿದ್ದೀನಿ."

ಹಸಿ ಗಾಯಕ್ಕೆ ಮಣ್ಣು ತಾಗಿದರೆ ಕೊಳೆತುಹೋಗುತ್ತದೆ. ನೆರಳಿನಲ್ಲಿ ಹತ್ತು ದಿನ ಒಣಗಿ ಹಕ್ಕಳೆ ಕಟ್ಟಬೇಕು. ಅಂದು ಇವಳೇ ಒಣಗಿಸಿ ಕೊಟ್ಟಿದ್ದರಿಂದ ವಾರಗಿತ್ತಿಗೆ ಅದು ಗೊತ್ತಿರಲಿಲ್ಲ. ಹೇಳಲು ಬಾಯಿ ತೆರೆದಳು.

"ಅವಳನ್ನೇನು ಕೇಳ್ತೀಯೇ?" ಬಾಗಿಲಲ್ಲಿ ಕೂತಿದ್ದ ಅತ್ತೆ ನಕ್ಕರು. "ಎಂಟು ವರ್ಷದಲ್ಲಿ ಒಂದು ಮೊಗ್ಗು ಕಂಡಿಲ್ಲ, ಪಾಪ. ನಿನ್ನ ಕೈಗುಣಕ್ಕೆ ಹೇಗೆ ನೆಟ್ಟರೂ ಬರುತ್ತೆ."

"ಸುಮ್ನಿರಿ ಅತ್ತೆ," ಎಂದ ವಾರಗಿತ್ತಿಯ ಮುಖ ಅರಳಿತ್ತು.

"ಅತ್ತೆ ಹೇಳಿದ್ದು ಸರಿ," ಎಂದಳು ಅವಳು. "ನೆಡು. ನಿನ್ನ ಕೈಗೆ ಬರುತ್ತೆ."

ಮೇಲೆ ಬಂದು ಮಿಷನ್ನಿನ ಮುಂದೆ ಕೂತಳು. ಹೊಸ ಜಿಪ್ಪು ಎರಡು ಸಲ ಸೊಟ್ಟಗೆ ಕೂತಿತು. ಕೆಳಗೆ ಬಕೆಟ್ಟಿಗೆ ನೀರು ಸುರಿಯುವ ಸದ್ದು. ಇನ್ನು ಹದಿನೈದು ದಿನಕ್ಕೆ ನಾಲ್ಕೂ ಬೆಂದ ಬದನೆಯಂತೆ ಮೆತ್ತಗಾಗುತ್ತವೆ. ಯಾರ ಕಣ್ಣು ಬಿತ್ತೋ ಎಂದು ಅತ್ತೆ ಗೊಣಗುತ್ತಾರೆ. ಅದನ್ನು ಪಕ್ಕದಲ್ಲೇ ನಿಂತು ಕೇಳಬೇಕು. ಅಯ್ಯೋ ಎನ್ನಲೂ ಬೇಕು.

ಹೊಟ್ಟೆಯ ಉರಿಯೇನೂ ಇಳಿದಿರಲಿಲ್ಲ. ಆದರೂ ಎದ್ದು ಹೋಗಿ ತನ್ನ ಗಿಡದಿಂದ ಅದೇ ಅಳತೆಯ ನಾಲ್ಕು ಎಲೆ ಕೊಯ್ದು, ಪೇಪರ್ ಹಾಸಿ ಕಪಾಟಿನ ಮೇಲೆ ಒಣಗಲಿಟ್ಟಳು. ಹತ್ತು ದಿನಕ್ಕೆ ಇವು ಒಣಗುತ್ತವೆ. ವಾರಗಿತ್ತಿ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಾಳೆ. ಆಗ ಅತ್ತೆ ಸ್ನಾನಕ್ಕೆ ಹೋಗಿರುತ್ತಾರೆ. ಅವನ್ನು ಕಿತ್ತು, ಬಕೆಟ್ಟಿನ ಒದ್ದೆ ಮಣ್ಣು ಚೆಲ್ಲಿ, ಬೇರೆ ತುಂಬಿ, ಇವನ್ನು ನೆಡಲು ಹತ್ತು ನಿಮಿಷ ಸಾಕು. ನೀರು ವಾರಕ್ಕೊಮ್ಮೆ ಹಾಕಿದರಾಯಿತು ಎಂದು ಆಮೇಲೆ ಆಕೆಗೆ ಹೇಳಬೇಕು. ಮುಂದೆ ಹೂವಾದರೆ ಹೆಸರು ಆ ಕೈಗೇ ಹೋಗುತ್ತದೆ. ಹೋಗಲಿ.

"ಏನೇ ಅದು ಕಪಾಟಿನ ಮೇಲೆ?" ಸಂಜೆ ಬಂದ ಗಂಡ ಕೇಳಿದ.

"ಏನಿಲ್ಲ," ಎಂದು ಅವಳು ದಾರ ಕಚ್ಚಿ ತುಂಡು ಮಾಡಿದಳು.