ಕೌದಿಯ ಕೆಳಪದರು

ಲಗಮವ್ವನಿಗೆ ಓದಲು ಬರುತ್ತಿರಲಿಲ್ಲ.

"ತಲಿ ಕಡೆ ಎತ್ತಿ ಹಿಡೀರಿ," ಎಂದು ನೆರೆಮನೆಯ ಕರೆವ್ವ ಕೂಗುತ್ತಿದ್ದಳು. ನಾಲ್ವರು ಲಗಮವ್ವನ ಹೆಣವನ್ನು ಚಟ್ಟಕ್ಕೆ ಎತ್ತಿದರು. ಮಗ ಭೀಮಶಿ ಒಳಗಿನಿಂದ ಕೌದಿ ತಂದ. ಅವರ ಮನೆತನದಲ್ಲಿ ಸತ್ತವರ ಕೌದಿ ಅವರ ಜೊತೆಗೇ ಗುಂಡಿಗೆ ಹೋಗುತ್ತದೆ.

"ಕಡೀಕಿ ಹೊಲದದ್ದು ಇದ," ಎಂದ.

"ಹೊಚ್ಚೂಕಿಂತ ಮೊದಲ ಮಂದಿ ನೋಡ್ಲಿ," ಎಂದಳು ಕರೆವ್ವ. "ಬಾಯಿ ತಗದ್ರ ಬರೇ ಬೈಗಳಾ ಮುದುಕಿದು. ಕೈ ಮಾತ್ರ ಭಾರಿ ಇತ್ತ."

ಹಾರ ಹಿಡಿದು ನಿಂತಿದ್ದವನು ಹಣಮಂತಪ್ಪ, ಕಾಲೇಜಿನ ಕಾರಕೂನ. ಲಗಮವ್ವ ಆ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಕಸ ಗುಡಿಸಿದ್ದಳು. ಪ್ರಿನ್ಸಿಪಾಲರ ಪರವಾಗಿ ಬಂದಿದ್ದೇನೆ ಎಂದು ಅವನು ಎರಡು ಸಲ ಹೇಳಿದ್ದ.

ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಭೀಮಶಿಯ ಮಗಳು ರೇಣು ಅವನನ್ನೇ ನೋಡುತ್ತಿದ್ದಳು.

"ಅಪ್ಪಾ, ಅದನ್ನ ಬಿಚ್ಚಬ್ಯಾಡ."

"ಯಾಕ? ಹರದೈತೇನ?"

*

ಎರಡು ತಿಂಗಳ ಹಿಂದೆ ಮಂತ್ರಿ ಕಾಲೇಜಿಗೆ ಬರುವವರಿದ್ದರು. ವಿದ್ಯಾರ್ಥಿಗಳ ಗೋಡೆಪತ್ರಿಕೆ ಅದಕ್ಕೂ ಮೊದಲೇ ನಿಂತಿತ್ತು. ರಾಜಕೀಯ ಬರೆದವರನ್ನು ತೆಗೆದುಹಾಕುತ್ತೇವೆ ಎಂಬ ನೋಟಿಸು ಅದೇ ಗೋಡೆಯ ಮೇಲಿತ್ತು. ಹನ್ನೆರಡು ಹುಡುಗಿಯರು ಗೋಡೆ ಬಿಟ್ಟು ಬಟ್ಟೆ ಹಿಡಿದರು. ಬಿಳಿ ಬಟ್ಟೆಯ ಮೇಲೆ ದೊಡ್ಡದಾಗಿ ಬರೆದರು: 'ನಮ್ಮೂರ ಸಾಲಿ ಮುಚ್ಚಿದವರಿಗೆ ನಮ್ಮ ವೋಟಿಲ್ಲ.' ಕೆಳಗಿನ ಅಂಚಿನಲ್ಲಿ ಸಣ್ಣಗೆ ಹನ್ನೆರಡು ಹೆಸರು. ಕೊನೆಯದು ರೇಣು. ಗೇಟಿಗೆ ಕಟ್ಟಿ ಹತ್ತು ನಿಮಿಷವಾಗಿರಲಿಲ್ಲ, ಪ್ರಿನ್ಸಿಪಾಲರು ದೂರದಿಂದ ಕಂಡು ಲಗಮವ್ವನನ್ನು ಅಲ್ಲಿಗೆ ಓಡಿಸಿದರು. ಕಿತ್ತು ಸುಡು ಎಂದರು.

"ಸುಟ್ಟೇನ್ರಿ," ಎಂದು ಅವಳು ಬಂದು ಹೇಳಿದಳು. ಬಟ್ಟೆ ಅವಳ ಊಟದ ಚೀಲದಲ್ಲಿತ್ತು. ಬರೆದವರು ಯಾರೆಂದು ಕಾಲೇಜು ವಾರವಿಡೀ ವಿಚಾರಿಸಿತು. ಯಾರೂ ಬಾಯಿ ಬಿಡಲಿಲ್ಲ.

"ಮಸಿ ಹೋಗಿಬಿಡತೈತಿ ಆಯಿ," ಎಂದಿದ್ದಳು ರೇಣು, ರವಿವಾರ ಹಾಸ್ಟೆಲಿನಿಂದ ಮನೆಗೆ ಬಂದಾಗ. "ಅಕ್ಷರದ ಮ್ಯಾಲ ದಾರ ಹಾಕು. ಕೌದ್ಯಾಗ ಇಟ್ಟ ಹೊಲದಬಿಡು. ಆಮ್ಯಾಲೆ ಬಿಚ್ಚಿ ಮತ್ತ ಕಟ್ಟೂಣು."

"ನನಗೆಲ್ಲಿ ಓದಾಕ ಬರತೈತಿ? ಎಲ್ಲಾ ಗೀಟ ಒಂದ ಕಾಣತಾವ."

"ನನ್ನ ಹೆಸರ ಗೊತ್ತೈತಲ್ಲ?"

"ಅದೊಂದ ಗೊತ್ತೈತಿ. ನಿನ್ನ ಪುಸ್ತಕದ ಮ್ಯಾಲ ನೋಡಿ ನೋಡಿ."

ಹೆಸರುಗಳನ್ನು ಹೊಲಿಯಬೇಡ ಎಂದು ಹೇಳಲು ರೇಣು ಮರೆತಳು. ಕಾಲೇಜಿಗೆ ಮರಳುವ ರಾಮದುರ್ಗದ ಬಸ್ಸು ಬಂದಿತ್ತು.

*

ಭೀಮಶಿ ಕೌದಿ ಝಾಡಿಸಿದ. ಮೇಲೆಲ್ಲ ಹಳೆಯ ಸೀರೆಯ ತುಂಡುಗಳು. ತಿರುವಿದ. ಕೆಳಪದರು ಆ ಬಿಳಿ ಬಟ್ಟೆಯೇ. ಬರೆದ ಮುಖವನ್ನು ಲಗಮವ್ವ ಒಳಗೆ ಹಾಕಿದ್ದಳು. ದಪ್ಪ ಕೆಂಪು ದಾರ ಮಾತ್ರ ಹೊರಗೆ ಎದ್ದಿತ್ತು, ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಕೆಳಗಿನ ಅಂಚಿನವರೆಗೂ. ಅವಳ ಕಣ್ಣಿಗೆ ಅದು ಬರಹವಾಗಿ ಕಂಡಿರಲಿಕ್ಕಿಲ್ಲ.

"ಏನ ಚಿತ್ತಾರೋ ಇದು?" ಎಂದಳು ಕರೆವ್ವ.

"ಬಳ್ಳಿ ಇರಬೇಕ. ಸಾಹೇಬ್ರ, ಒಂದ ಫೋಟೊ ಹೊಡೀರಿ, ಅವ್ವನ ನೆನಪಿಗೆ." ಭೀಮಶಿ ಎರಡೂ ಕೈ ಅಗಲಿಸಿ ಹಿಡಿದ.

ಹಣಮಂತಪ್ಪ ಹಾರವನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮೊಬೈಲು ತೆಗೆದ. ಫೋಟೊ ಹೊಡೆದ. ನೋಡಿದ. ಹೆಬ್ಬೆರಳಿನಿಂದ ಚಿತ್ರವನ್ನು ಎಡಬಲ ತಿರುಗಿಸಿದ. ಅವನ ತುಟಿಗಳು ಸದ್ದಿಲ್ಲದೆ ಅಲುಗತೊಡಗಿದವು.

"ಪ್ರಿನ್ಸಿಪಾಲ್ರಿಗೂ ಕಳಸ್ತೇನಿ," ಎಂದ. "ನೋಡ್ಲಿ ಅವರೂ."

ರೇಣು ಕೌದಿಯನ್ನು ಕಸಿದು ಹೆಣಕ್ಕೆ ಹೊದಿಸಿದಳು. ಆಗಲೇ ತಡವಾಗಿತ್ತು. ಅಂಚು ಮಡಚಿ ಹೆಸರುಗಳನ್ನು ಬೆರಳಿನಿಂದ ಎಣಿಸಿದಳು. ಹನ್ನೆರಡನೆಯದರ ಜಾಗದಲ್ಲಿ ಕರಿ ತೇಪೆಯಿತ್ತು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವ ತೇಪೆ. ಲಗಮವ್ವ ಅದನ್ನು ಯಾವಾಗಲೂ ಮೇಲುಮುಖಕ್ಕೆ ಹಚ್ಚುತ್ತಿದ್ದಳು. ಇದೊಂದಕ್ಕೆ ಕೆಳಗೆ ಹಚ್ಚಿದ್ದಳು. ರೇಣು ಒತ್ತಿದಾಗ ಒಳಗಿನ ಒಣರೊಟ್ಟಿ ಪುಡಿಯಾಯಿತು.

"ಕೈ ಬಿಡ ತಂಗಿ," ಎಂದಳು ಕರೆವ್ವ. "ಹೊತ್ತಾಗತೈತಿ."

ಮಣ್ಣು ಮುಗಿಸಿ ಬಂದು ಕೈಕಾಲು ತೊಳೆಯುವ ಹೊತ್ತಿಗೆ ನೋಟಿಸು ಮೊಬೈಲಿಗೆ ಬಂದಿತ್ತು. ಕಾಲೇಜಿನಿಂದ ತೆಗೆದವರ ಪಟ್ಟಿ. ರೇಣು ಅದನ್ನು ಮೇಲಿನಿಂದ ಓದಿದಳು, ಕೆಳಗಿನಿಂದ ಓದಿದಳು. ಅಷ್ಟರಲ್ಲಿ ಜೊತೆಗೆ ಬರೆದ ಗೆಳತಿ ಗಂಗಾಳ ಫೋನು ಬಂತು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.

"ರೇಣು, ನಿಂದೊಂದ ಯಾಕಿಲ್ಲ?"

ಬಚ್ಚಲ ಕಲ್ಲಿನ ಮೇಲೆ ರೇಣುವಿನ ಕೈಯಿಂದ ಇನ್ನೂ ಕೆಂಪು ಮಣ್ಣಿನ ನೀರು ಇಳಿಯುತ್ತಿತ್ತು.

ಗುಂಡಿಗೆ ಹೋದದ್ದು ಒಂದು ಹೆಣ, ಒಂದು ಕೌದಿ. ಕಾಲೇಜಿನಿಂದ ಹೋದವರು ಹನ್ನೊಂದು ಹುಡುಗಿಯರು.