ಕೋಲು ಬಾರದೆ ಬಾವುಟ ಎತ್ತುವುದಿಲ್ಲ

“ಏಯ್ ಮುಂಡೆ, ಹಸಿರು ಬಾವುಟ ಎತ್ತೇ! ಸಾಹೇಬ್ರ ಕಾರು ಕಾಣ್ತಾ ಇಲ್ವಾ? ಕಣ್ಣಿಗೇನು ಮಣ್ಣು ಬಿದ್ದಿದೆಯಾ?”

ಮೇಸ್ತ್ರಿ ಬೈಯುತ್ತಲೇ ಓಡಿಬಂದ. ನಾನು ಕೆಂಪು ಬಾವುಟ ಇಳಿಸಲಿಲ್ಲ.

ಗುಡ್ಡ ಕುಸಿದು ಘಾಟಿಯ ಅರ್ಧ ರಸ್ತೆ ಕಂದಕ ಸೇರಿ ಎರಡು ವರ್ಷವಾಗಿತ್ತು. ಉಳಿದ ಅರ್ಧದಲ್ಲಿ ಒಂದೇ ವಾಹನ ಹಿಡಿಸುತ್ತದೆ. ಮೇಲಿನ ತುದಿಯಲ್ಲಿ ನಾನು, ಕೆಳಗಿನ ತುದಿಯಲ್ಲಿ ಇನ್ನೊಬ್ಬರು, ನಡುವೆ ಮೂರು ತಿರುವು. ಒಬ್ಬರಿಗೊಬ್ಬರು ಕಾಣುವುದಿಲ್ಲ, ಫೋನೂ ಸಿಗುವುದಿಲ್ಲ. ಅದಕ್ಕೇ ಕೋಲು. ಒಂದು ಸರದಿಯ ಕೊನೆಯ ಗಾಡಿಯವನ ಕೈಗೆ ಕೆಂಪು ಬಟ್ಟೆ ಸುತ್ತಿದ ಮೊಳದುದ್ದದ ಕೋಲು ಕೊಡುತ್ತೇವೆ. ಅದು ಆಚೆ ತುದಿ ತಲುಪಿದರೆ ದಾರಿ ಖಾಲಿ ಎಂದರ್ಥ. ಆಮೇಲಷ್ಟೇ ಅಲ್ಲಿಂದ ಗಾಡಿ ಬಿಡಬೇಕು. ಇದನ್ನು ಯಾವ ಇಂಜಿನಿಯರೂ ಹೇಳಿಕೊಟ್ಟಿದ್ದಲ್ಲ, ನಾನೂ ನನ್ನ ಗಂಡನೂ ಕಂಡುಕೊಂಡದ್ದು.

ಆಗ ಕೆಳಗೆ ನಿಲ್ಲುತ್ತಿದ್ದವನು ಅವನೇ. ಬೆಳಿಗ್ಗೆ ಬೇರೆಯಾದರೆ ಸಂಜೆಯವರೆಗೆ ಮುಖ ಕಾಣುತ್ತಿರಲಿಲ್ಲ. ಆದರೆ ಕೋಲಿನ ಬಟ್ಟೆಯೊಳಗೆ ಒಮ್ಮೊಮ್ಮೆ ಪೆಪ್ಪರಮೆಂಟು ಸಿಕ್ಕಿಸಿ ಕಳಿಸುತ್ತಿದ್ದ. ಲಾರಿಯವರು ನಗುತ್ತಾ ಕೊಡುತ್ತಿದ್ದರು.

ಹೋದ ವರ್ಷ ಇಂಥದೇ ಒಂದು ಕಾರು, ಇದೇ ಮೇಸ್ತ್ರಿ, ಇದೇ ಬೈಗುಳ. ಕೆಲಸ ಹೋಗುತ್ತದೆಂದು ಹೆದರಿ ಕೋಲು ಬರುವ ಮುಂಚೆಯೇ ಹಸಿರು ಎತ್ತಿಬಿಟ್ಟೆ. ಕೊನೆಯ ತಿರುವಿನಲ್ಲಿ ಎದುರಾದ ಲಾರಿ ಹಿಂದಕ್ಕೆ ಸರಿಯಬೇಕಾಯಿತು. ಕೆಳತುದಿಯಲ್ಲಿ ನಿಂತವನು ಲಾರಿಗೂ ಬಂಡೆಗೂ ನಡುವೆ ಸಿಕ್ಕ. ಕಾರ್ಮಿಕನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಈಗ ಕೆಳಗಿರುವವನ ಮುಖವನ್ನೂ ನಾನು ಸರಿಯಾಗಿ ನೋಡಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರಂತೆ. ಕೋಲು ಬಂದಾಗಲೆಲ್ಲ ಬಟ್ಟೆ ಬಿಚ್ಚಿ ನೋಡುತ್ತೇನೆ, ಹುಚ್ಚಿ. ಏನೂ ಇರುವುದಿಲ್ಲ. ದಿನಕ್ಕೆ ಸಾವಿರ ಜನ ಮುಂದೆಯೇ ಹಾದುಹೋಗುತ್ತಾರೆ, ನನಗೆ ಮಾತಾಡಲು ಒಬ್ಬರಿಲ್ಲ.

ಕಾರಿನ ಗಾಜು ಇಳಿಯಿತು.

“ಏನಮ್ಮ ಇದು? ಹನ್ನೊಂದಕ್ಕೆ ಕೆಳಗೆ ಮೀಟಿಂಗಿದೆ. ಈ ಘಾಟಿ ಸುರಕ್ಷತೆ ಬಗ್ಗೇನೇ. ನೀವೇ ಹಿಂಗೆ ಜಾಮ್ ಮಾಡಿದ್ರೆ?”

“ಕೋಲು ಬಂದಿಲ್ಲ ಸಾರ್. ಕೆಳಗಿಂದ ಗಾಡಿ ಬರ್ತಾ ಇರುತ್ತೆ. ಕೊನೇ ಗಾಡಿಯವ್ನು ತರ್ತಾನೆ.”

ಸಾಹೇಬ ತೊಡೆಯ ಮೇಲಿನ ನಕ್ಷೆ ಬಿಚ್ಚಿ ತೋರಿಸಿದ. ಮೂರು ತಿರುವಿಗೂ ಬಣ್ಣ ಬಳಿದಿದ್ದರು.

“ನೋಡು, ಇದ್ರಲ್ಲಿ ಕೋಲೂ ಇಲ್ಲ, ನೀನೂ ಇಲ್ಲ. ಬರೋ ತಿಂಗಳು ಸಿಗ್ನಲ್ ದೀಪ ಬರುತ್ತೆ. ಆಮೇಲೆ ಮನೇಲಿ ಆರಾಮಾಗಿರು.”

“ದೀಪ ಬಂದ ದಿನ ಹೋಗ್ತೀನಿ ಸಾರ್. ಇವತ್ತು ಕೋಲು ಬರ್ಲಿ.”

ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಹಾರನ್ ಹೊಡೆಯತೊಡಗಿದವು. ಮೇಸ್ತ್ರಿ ನನ್ನ ಕೈಯಿಂದ ಎರಡೂ ಬಾವುಟ ಕಿತ್ತುಕೊಂಡು ಹಸಿರನ್ನು ತಾನೇ ಬೀಸಿದ.

“ಗಂಡನ್ನ ತಿಂದ್ಕೊಂಡೋಳು, ಈಗ ನಮ್ಮ ಹೊಟ್ಟೆ ಮೇಲೂ ಹೊಡೀತಾಳೆ! ಹೋಗಿ ಸಾರ್ ನೀವು.”

ಡ್ರೈವರ್ ಗೇರು ಹಾಕಿದ. ನಾನು ಹೋಗಿ ಕಾರಿನ ಮುಂದೆ, ನಡುರಸ್ತೆಯಲ್ಲಿ, ಕೂತುಬಿಟ್ಟೆ.

“ಹೂಂ ಕಣೋ ಬೇವರ್ಸಿ, ನಾನೇ ತಿಂದೆ! ನಿನ್ನ ಮಾತು ಕೇಳಿ ತಿಂದೆ. ಇನ್ನೊಬ್ಳ ಗಂಡನ್ನ ತಿನ್ನಲ್ಲ. ಹತ್ತಿಸು ಗಾಡಿ, ನೋಡೇ ಬಿಡ್ತೀನಿ!”

ವರ್ಷವಿಡೀ ಯಾರೊಂದಿಗೂ ಆಡದೆ ಇಟ್ಟುಕೊಂಡಿದ್ದ ಮಾತು.

“ನಿಧಾನಕ್ಕೆ ಮುಂದೆ ತಗೋ,” ಎಂದ ಸಾಹೇಬ ಒಳಗಿನಿಂದ. “ತಾನಾಗೇ ಏಳ್ತಾಳೆ.”

ಬಂಪರು ಬೆನ್ನಿಗೆ ತಾಗಿತು. ಇಂಜಿನ್ನಿನ ಬಿಸಿ ರವಿಕೆಯೊಳಗೆ ಇಳಿಯಿತು. ಕೆಳಗಿನ ತಿರುವಿನಿಂದ ಸದ್ದೇ ಇಲ್ಲ. ಗಾಡಿ ಬರುತ್ತಿದೆಯೋ, ಅಲ್ಲೇ ನಿಂತಿದೆಯೋ, ಕೆಳಗಿರುವವನು ಬದುಕಿದ್ದಾನೋ, ಒಂದೂ ತಿಳಿಯದು.

ಕಾರು ಇನ್ನೊಂದು ಅಂಗುಲ ಮುಂದೆ ಬಂತು. ನಾನು ಕಾಲು ಚಾಚಿ ಕೂತೆ.